ಮುಪ್ಪಿಗೆ ಕೇಳಿದ ಪ್ರಶ್ನೆಗಳು

ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬವನ್ನು ಕುರಿತ ಪುಸ್ತಕವನ್ನು 1942ರಲ್ಲಿ ಹೊರತಂದಾಗ, ಮುದುಕರ ಬಗ್ಗೆ ಬೇರೆಯೇ ಒಂದು ಶಾಸ್ತ್ರ ಬೇಕೆಂದು ಈ ದೇಶದ ವಿದ್ವಾಂಸರಿಗೆ ಅನ್ನಿಸಿರಲಿಲ್ಲ. ಅಜ್ಜ ಅಜ್ಜಿ ಕುಟುಂಬದೊಳಗೆ ಇದ್ದೇ ಇರುತ್ತಾರೆ, ಕುಟುಂಬವನ್ನು ವಿವರಿಸಿದರೆ ಅವರನ್ನೂ ವಿವರಿಸಿದ ಹಾಗೇ ಆಯಿತು ಎಂಬ ಭಾವನೆ. ಅಷ್ಟಕ್ಕೂ ಅವರ ಸಂಖ್ಯೆಯೂ ಹೆಚ್ಚಿರಲಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಎಲ್ಲರೂ ಮೂವತ್ತೆರಡಕ್ಕೇ ಕಣ್ಣು ಮುಚ್ಚುತ್ತಿದ್ದರು ಎಂದಲ್ಲ. ಹಸುಗೂಸುಗಳ ಸಾವು ಆ ಸರಾಸರಿಯನ್ನು ಕೆಳಕ್ಕೆ ಜಗ್ಗುತ್ತಿತ್ತು. ಆದರೂ ಮೂರು ತಲೆಮಾರು ಒಂದೇ ಸೂರಿನಡಿ ದೀರ್ಘಕಾಲ ಬಾಳುವ ಯೋಗ ಬಹಳ ಮನೆಗಳಿಗೆ ಇರಲಿಲ್ಲ. ಗುಜರಾತಿನ ಹಳ್ಳಿಯ ದಾಖಲೆಗಳನ್ನು ಇಟ್ಟುಕೊಂಡು ಎ.ಎಂ. ಶಾ 1973ರಲ್ಲಿ ಬರೆದ ಪುಸ್ತಕ, ಹಿಂದೆ ಎಲ್ಲರೂ ತುಂಬಿದ ಮನೆಗಳಲ್ಲೇ ಇದ್ದರು ಎಂಬ ನೆನಪನ್ನು ಚೆನ್ನಾಗಿಯೇ ಅಲುಗಾಡಿಸಿತು. ಅಲುಗಾಡಿತೇ ಹೊರತು ಬೀಳಲಿಲ್ಲ. ಇವತ್ತಿಗೂ ವೃದ್ಧಾಪ್ಯದ ಯಾವ ಭಾಷಣ ಕೇಳಿದರೂ ಅವಿಭಕ್ತ ಕುಟುಂಬ ಒಡೆದ ಕಥೆಯಿಂದಲೇ ಶುರುವಾಗುತ್ತದೆ.

ಒಂದು ಅಧ್ಯಯನ ಕ್ಷೇತ್ರ ಹೇಗೆ ಬೆಳೆಯಿತು ಎಂದು ತಿಳಿಯಲು ಅದು ಕಂಡುಕೊಂಡ ಉತ್ತರಗಳಿಗಿಂತ ಅದು ಕೇಳಿದ ಪ್ರಶ್ನೆಗಳನ್ನು ನೋಡುವುದು ವಾಸಿ. ಭಾರತದಲ್ಲಿ ಮುದುಕರ ಯೋಗಕ್ಷೇಮ ವಿಚಾರಿಸಲು ಹೊರಟವರು ಬಹುಕಾಲ ಕೇಳಿದ್ದು ಒಂದನ್ನೇ: ಯಾರ ಜೊತೆ ಇದ್ದೀರಿ? ನಿಮ್ಮ ಕೈಯಲ್ಲಿ ಏನಿದೆ, ಅದನ್ನು ಖರ್ಚು ಮಾಡುವವರು ಯಾರು ಎಂಬುದು ಬಹಳ ತಡವಾಗಿ ಬಂದ ಪ್ರಶ್ನೆ.

ಇಂಗ್ಲೆಂಡಿನಲ್ಲಿ ಇದು ತಿರುವುಮುರುವಾಗಿ ನಡೆಯಿತು. ಅಲ್ಲಿ ಮೊದಲು ಬಂದದ್ದೇ ಹಣದ ಪ್ರಶ್ನೆ. ಲಂಡನ್ನಿನ ಬಡತನವನ್ನು ಬೀದಿ ಬೀದಿಯಾಗಿ ಅಳೆದ ಚಾರ್ಲ್ಸ್ ಬೂತ್ 1894ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಬಡ ಮುದುಕರ ಮೇಲೆ ಒಂದು ಗ್ರಂಥ ಬರೆದ. ಜೀವಮಾನವೆಲ್ಲ ದುಡಿದವರು ಕೊನೆಗೆ ಅನಾಥಾಲಯದಂಥ ವರ್ಕ್‌ಹೌಸ್ ಸೇರುವುದಕ್ಕೆ ಸೋಮಾರಿತನವೋ ಕುಡಿತವೋ ಕಾರಣವಲ್ಲ, ವಯಸ್ಸೇ ಕಾರಣ ಎಂಬುದು ಅವನ ಲೆಕ್ಕದಿಂದ ಹೊರಬಿತ್ತು. ಜರ್ಮನಿಯಲ್ಲಿ ಬಿಸ್ಮಾರ್ಕ್ 1889ರಲ್ಲೇ ಕಾರ್ಮಿಕರಿಗೆ ವೃದ್ಧಾಪ್ಯ ವಿಮೆ ತಂದಿದ್ದ. ಬ್ರಿಟನ್ನಿನ 1908ರ ಕಾಯ್ದೆ, 70 ದಾಟಿದ ಬಡವರಿಗೆ ಅವರಿಂದ ಒಂದು ಕಾಸಿನ ವಂತಿಗೆಯನ್ನೂ ಪಡೆಯದೆ ವಾರಕ್ಕೆ 5 ಶಿಲಿಂಗ್ ಕೊಟ್ಟಿತು. ಕುಟುಂಬದ ಪ್ರಶ್ನೆ ಅಲ್ಲಿಗೆ ಬಂದದ್ದು ಅರ್ಧ ಶತಮಾನದ ನಂತರ. ಪೀಟರ್ ಟೌನ್‌ಸೆಂಡ್ ಲಂಡನ್ನಿನ ಬೆತ್ನಲ್ ಗ್ರೀನ್ ಬಡಾವಣೆಯ 203 ಮುದುಕರನ್ನು ಮಾತಾಡಿಸಿ 1957ರಲ್ಲಿ ಬರೆದ ಪುಸ್ತಕ, ಪಾಶ್ಚಾತ್ಯರು ತಂದೆತಾಯಿಯನ್ನು ಕೈಬಿಟ್ಟಿದ್ದಾರೆ ಎಂಬ ಮಾತನ್ನು ಸುಳ್ಳು ಮಾಡಿತು. ಹೆಣ್ಣುಮಕ್ಕಳು ಪಕ್ಕದ ಬೀದಿಯಲ್ಲೇ ಇದ್ದರು, ದಿನಾ ಬಂದು ಹೋಗುತ್ತಿದ್ದರು. ನಮ್ಮ ವೇದಿಕೆಗಳಲ್ಲಿ ಪಾಶ್ಚಾತ್ಯರನ್ನು ಬೈಯುವವರು ಈ ಪುಸ್ತಕ ಓದಿದ್ದರೆ ಸ್ವಲ್ಪ ಮುಜುಗರಪಡುತ್ತಿದ್ದರೇನೋ.

ಅಮೆರಿಕದ ದಾರಿ ಬೇರೆ. ಕಾನ್ಸಾಸ್ ನಗರದ ಅಧ್ಯಯನ ಆಧರಿಸಿ ಕಮಿಂಗ್ ಮತ್ತು ಹೆನ್ರಿ 1961ರಲ್ಲಿ, ವಯಸ್ಸಾದವರು ಸಮಾಜದಿಂದ ಮೆಲ್ಲಗೆ ಹಿಂದೆ ಸರಿಯುವುದು ಸಹಜ, ಇಬ್ಬರಿಗೂ ಅದೇ ಕ್ಷೇಮ ಎಂದರು. ಹಾಗಲ್ಲ, ಚಟುವಟಿಕೆಯಲ್ಲಿದ್ದವರೇ ಸುಖಿಗಳು ಎಂದು ಹ್ಯಾವಿಘರ್ಸ್ಟ್ ಮೊದಲಾದವರು ವಾದಿಸಿದರು. 1960ರ ದಶಕದ ಕೊನೆಗೆ ರಾಬರ್ಟ್ ಬಟ್ಲರ್, ಬಣ್ಣ ನೋಡಿ ತಾರತಮ್ಯ ಮಾಡುವ ಹಾಗೆ ವಯಸ್ಸು ನೋಡಿಯೂ ಮಾಡುತ್ತಾರೆ ಎಂದು ಎತ್ತಿ ತೋರಿಸಿದರು. ಈ ಜಗಳಗಳ ತಳದಲ್ಲಿ ಯಾರೂ ಹೇಳದ ಒಂದು ಊಹೆ ಇದೆ. ಮನುಷ್ಯನಿಗೊಂದು ನೌಕರಿ ಇರುತ್ತದೆ, ಒಂದು ದಿನ ಹಾರ ಹಾಕಿ ಅವನನ್ನು ಬೀಳ್ಕೊಡುತ್ತಾರೆ, ಆಮೇಲೆ ಏನು ಮಾಡಬೇಕು ಎಂಬುದೇ ಅವನ ಮುಪ್ಪು. ಕೂಲಿ ಮಾಡುವವಳಿಗೆ ನಿವೃತ್ತಿಯ ದಿನ ಯಾವುದು? ಹಿಂದೆ ಸರಿಯುವುದೋ ಬೇಡವೋ ಎಂಬ ಆಯ್ಕೆ ಕಳೆ ಕೀಳುವವಳ ಮುಂದೆ ಇಲ್ಲವೇ ಇಲ್ಲ.

ನಮ್ಮಲ್ಲಿ ಮುದುಕರು ವಿದ್ವಾಂಸರ ಕಣ್ಣಿಗೆ ಮೊದಲು ಬಿದ್ದದ್ದು ಮಕ್ಕಳ ಸಂಖ್ಯೆಯ ಚರ್ಚೆಯಲ್ಲಿ, ಅದೂ ಅಡ್ಡದಾರಿಯಲ್ಲಿ. ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಸೇರಿ 1950ರ ದಶಕದ ಆರಂಭದಲ್ಲಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನ ಆ ಕಾಲಕ್ಕೆ ಜಗತ್ತಿನಲ್ಲೇ ಹೆಸರಾಗಿತ್ತು. ಮುಂದೆ ಆಸ್ಟ್ರೇಲಿಯಾದ ಜಾನ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿ ಪಿ.ಎಚ್. ರೆಡ್ಡಿಯವರ ಜೊತೆ ಬೆಂಗಳೂರಿನ ಪಶ್ಚಿಮಕ್ಕಿರುವ ಹಳ್ಳಿಗಳಲ್ಲಿ ಉಳಿದು ನಡೆಸಿದ ಕೆಲಸ 1988ರಲ್ಲಿ ಪುಸ್ತಕವಾಯಿತು. ಅವರ ಕುತೂಹಲ ಸಂಪತ್ತಿನ ಹರಿವಿನ ಮೇಲೆ: ಮಕ್ಕಳಿಂದ ಹೆತ್ತವರ ಕಡೆಗೋ, ಹೆತ್ತವರಿಂದ ಮಕ್ಕಳ ಕಡೆಗೋ? ಶಾಲೆಯ ಖರ್ಚು ಬಂದಾಗ ಹರಿವು ತಿರುಗುತ್ತದೆ, ಆಗ ಜನ ಮಕ್ಕಳನ್ನು ಕಡಿಮೆ ಮಾಡುತ್ತಾರೆ ಎಂಬುದು ಅವರ ವಾದ. ಅದೇ ಕಾಲಕ್ಕೆ ಮಹಾರಾಷ್ಟ್ರದ ಹಳ್ಳಿಯೊಂದರ ಮೇಲೆ ವ್ಲಾಸೊಫ್ ದಂಪತಿ ಬರೆದ ಲೇಖನ, ಗಂಡುಮಕ್ಕಳೇ ಮುಪ್ಪಿನ ವಿಮೆ ಎಂಬ ಸೂತ್ರವನ್ನು ಅನುಮಾನಿಸಿತು. ಒಳ್ಳೆಯ ಚರ್ಚೆಯೇ. ಆದರೆ ಇವುಗಳಲ್ಲಿ ಮುದುಕ ಒಂದು ಕಾರಣ ಮಾತ್ರ. ಹೆರಿಗೆಯ ಲೆಕ್ಕಕ್ಕೆ ಅವನು ಬೇಕಿದ್ದ, ಅವನ ಲೆಕ್ಕ ಯಾರಿಗೂ ಬೇಕಿರಲಿಲ್ಲ.

ವೃದ್ಧಾಪ್ಯಕ್ಕೇ ಮೀಸಲಾದ ಕೆಲಸ ಶುರುವಾದದ್ದು 1960ರ ದಶಕದ ಕೊನೆಗೆ, ಅದೂ ಸಣ್ಣದಾಗಿ. ಜೈಪುರದಿಂದ ಒಂದು ಪತ್ರಿಕೆ ಹೊರಟಿತು. ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದಲ್ಲಿ ಪಿ.ವಿ. ರಾಮಮೂರ್ತಿ ಮನಶ್ಶಾಸ್ತ್ರದ ಕಡೆಯಿಂದ ಬಂದರು. 1978ರಲ್ಲಿ ವಿ.ಎಸ್. ನಟರಾಜನ್ ಮದ್ರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ ಮುದುಕರಿಗಾಗಿಯೇ ವಿಭಾಗ ತೆರೆದರು. ಹೆಲ್ಪ್‌ಏಜ್ ಇಂಡಿಯಾ ಹುಟ್ಟಿದ್ದೂ ಅದೇ ವರ್ಷ. 1982ರಲ್ಲಿ ವಿಯೆನ್ನಾದಲ್ಲಿ ವಿಶ್ವ ಸಮ್ಮೇಳನ ನಡೆದ ಮೇಲೆ ಸರ್ಕಾರಕ್ಕೂ ಅಂಕಿಅಂಶ ಬೇಕಾಯಿತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಜನ 1986-87ರಲ್ಲಿ, ಮತ್ತೆ 1995-96ರಲ್ಲಿ ಮನೆಮನೆಗೆ ಹೋಗಿ, ಬದುಕಿಗೆ ನೀವು ಬೇರೆಯವರನ್ನು ಪೂರ್ತಿ ನೆಚ್ಚಿದ್ದೀರೋ, ಅರ್ಧವೋ, ಇಲ್ಲವೇ ಇಲ್ಲವೋ ಎಂದು ಕೇಳಿದರು. ಹೆಂಗಸರಲ್ಲಿ ಹೆಚ್ಚಿನವರು ‘ಪೂರ್ತಿ’ ಎಂಬ ಕಲಮಿನಲ್ಲಿ ಬಿದ್ದರು. ಎಮ್ಮೆ ಕರೆದು, ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ರಾಗಿ ಹಸನು ಮಾಡುವ ಅಜ್ಜಿಯೂ ಆ ಕಲಮಿನ ಪ್ರಕಾರ ಪೂರ್ಣ ಅವಲಂಬಿತೆ. ಈ ಒಂದು ಕಲಮು ಮುಂದಿನ ಹತ್ತಾರು ವರ್ಷದ ಲೇಖನಗಳಿಗೆ ಆಹಾರವಾಯಿತು.

ಇದನ್ನು ಬದಲಿಸಿದವರು ವಿಧವೆಯರ ಬಗ್ಗೆ ಕೆಲಸ ಮಾಡಿದವರು, ವೃದ್ಧಾಪ್ಯ ತಜ್ಞರಲ್ಲ. ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ತಿರುವು ಇದೇ. 1990ರಲ್ಲಿ ಜ್ಯಾನ್ ಡ್ರೇಜ್ ಗ್ರಾಮೀಣ ವಿಧವೆಯರ ಮೇಲೆ ಬರೆದರು. ಮಾರ್ಥಾ ಚೆನ್ ಹಲವು ರಾಜ್ಯಗಳ ಹಳ್ಳಿಗಳಲ್ಲಿ ಅದನ್ನು ವಿಸ್ತರಿಸಿದರು. 1994ರಲ್ಲಿ ಇವರ ಸಮ್ಮೇಳನ ಸೇರಿದ್ದು ಬೆಂಗಳೂರಿನಲ್ಲಿ. ಅಲ್ಲಿಯ ಪ್ರಬಂಧಗಳು ಮತ್ತು ಚರ್ಚೆಗಳು 1998ರಲ್ಲಿ ಸಂಪುಟವಾಗಿ ಬಂದವು. ಗಂಡ ಸತ್ತ ಮೇಲೆ ಮಗನ ಮನೆಯಲ್ಲಿದ್ದರೂ ಒಲೆ ಬೇರೆ ಇರಬಹುದು, ಜಮೀನಿನಲ್ಲಿ ಹಕ್ಕಿದ್ದರೂ ಪಹಣಿಯಲ್ಲಿ ಹೆಸರಿಲ್ಲದಿರಬಹುದು, ತವರಿನ ಬಾಗಿಲು ಮುಚ್ಚಿರಬಹುದು ಎಂಬುದನ್ನು ಈ ಅಧ್ಯಯನಗಳು ಒಂದೊಂದಾಗಿ ಬಿಡಿಸಿಟ್ಟವು. ಯಾರ ಜೊತೆ ಇದ್ದೀರಿ ಎಂಬ ಪ್ರಶ್ನೆಗೆ ‘ಮಗನ ಜೊತೆ’ ಎಂಬ ಉತ್ತರ ಬಂದರೆ ಏನೂ ತಿಳಿದಂತಾಗುವುದಿಲ್ಲ ಎಂದು ಅಲ್ಲಿಗೆ ಸ್ಪಷ್ಟವಾಯಿತು.

ಅದೇ 1998ರಲ್ಲಿ ಲಾರೆನ್ಸ್ ಕೊಹೆನ್ ಎಂಬ ಮಾನವಶಾಸ್ತ್ರಜ್ಞ ವಾರಾಣಸಿಯ ಮೊಹಲ್ಲಾಗಳಲ್ಲಿ ಕಂಡದ್ದನ್ನು ಬರೆದು, ಭಾರತದ ವೃದ್ಧಾಪ್ಯ ಶಾಸ್ತ್ರ ಹೇಳುತ್ತಿದ್ದ ಕುಟುಂಬ ಪತನದ ಕಥೆಯನ್ನೇ ಪರೀಕ್ಷೆಗೆ ಒಡ್ಡಿದರು. ಸಾರಾ ಲ್ಯಾಂಬ್ 2000ದಲ್ಲಿ ಬಂಗಾಳದ ಹಳ್ಳಿಯ ಬಗ್ಗೆ, 2009ರಲ್ಲಿ ಕೋಲ್ಕತ್ತದ ವೃದ್ಧಾಶ್ರಮಗಳು ಹಾಗೂ ಅಮೆರಿಕಕ್ಕೆ ಹೋದ ಹೆತ್ತವರ ಬಗ್ಗೆ ಬರೆದರು. ವೃದ್ಧಾಶ್ರಮ ಸೇರಿದ ಎಲ್ಲರೂ ಮಕ್ಕಳು ದಬ್ಬಿದವರಲ್ಲ. ಸ್ವಂತ ಲೆಕ್ಕಾಚಾರದಿಂದ ಹೋದವರೂ ಇದ್ದರು. ಮಲ್ಲೇಶ್ವರ, ಜಯನಗರಗಳಲ್ಲಿ ಖಾಲಿ ಮಹಡಿ ಮನೆ ಕಾಯುತ್ತಾ, ಕ್ಯಾಲಿಫೋರ್ನಿಯಾದ ಮಗನ ಜೊತೆ ವಾರಕ್ಕೊಮ್ಮೆ ವಿಡಿಯೊದಲ್ಲಿ ಮಾತಾಡುವ ದಂಪತಿಗಳನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ.

ಹಣದ ಪ್ರಶ್ನೆಗೆ ಇನ್ನೊಂದು ತಳ್ಳು ಕೊಟ್ಟದ್ದು ಪಿಂಚಣಿ. ಉತ್ತರ ಪ್ರದೇಶ 1957ರಲ್ಲೇ ಆರಂಭಿಸಿತ್ತು, ಬೇರೆ ರಾಜ್ಯಗಳು ಒಂದೊಂದಾಗಿ ಸೇರಿದವು. ಕೇಂದ್ರ ಸರ್ಕಾರ 1995ರ ಆಗಸ್ಟ್ 15ರಂದು ತಿಂಗಳಿಗೆ 75 ರೂಪಾಯಿಯಿಂದ ಶುರುಮಾಡಿ, ಹತ್ತು ವರ್ಷ ಕಳೆದ ಮೇಲೆ 200ಕ್ಕೆ ಏರಿಸಿತು. 2011ರಲ್ಲಿ ಅರ್ಹತೆಯ ವಯಸ್ಸು 60ಕ್ಕೆ ಇಳಿಯಿತು, 80 ದಾಟಿದವರಿಗೆ 500 ರೂಪಾಯಿ ಆಯಿತು. ಎಂಬತ್ತರ ಒಳಗಿನವರಿಗೆ ಕೇಂದ್ರದ ಪಾಲು ಆ 200ರಲ್ಲೇ ನಿಂತಿತು; ಉಳಿದದ್ದನ್ನು ತುಂಬುವುದು ರಾಜ್ಯಗಳ ಹಣೆಬರಹ. ಕರ್ನಾಟಕ 2007ರಲ್ಲಿ 65 ದಾಟಿದ ಸಣ್ಣ ರೈತರು, ಕೂಲಿಗಳು, ನೇಕಾರರು, ಮೀನುಗಾರರಿಗಾಗಿ ಸಂಧ್ಯಾ ಸುರಕ್ಷಾ ಯೋಜನೆ ತಂದಿತು. 2021ರಲ್ಲಿ ಅದರ ಮೊತ್ತ 1200 ರೂಪಾಯಿ ಆಯಿತು.

ಇಷ್ಟು ಸಣ್ಣ ಹಣದಿಂದ ಏನಾದೀತು ಎಂದು ಅರ್ಥಶಾಸ್ತ್ರಜ್ಞರು ಬಹುಕಾಲ ಮೂಗು ಮುರಿದಿದ್ದರು. ದತ್ತ, ಹೋವ್ಸ್, ಮುರ್ಗಾಯಿ ಮೂವರು ಕರ್ನಾಟಕ ಮತ್ತು ರಾಜಸ್ಥಾನದ ಸಮೀಕ್ಷೆಗಳನ್ನು ಹಿಡಿದು 2010ರಲ್ಲಿ ಬರೆದ ಲೇಖನ ಅದಕ್ಕೆ ಉತ್ತರ ಕೊಟ್ಟಿತು. ಪಡಿತರ ವ್ಯವಸ್ಥೆಗೆ ಹೋಲಿಸಿದರೆ ಈ ಪಿಂಚಣಿಯಲ್ಲಿ ಸೋರಿಕೆ ಕಡಿಮೆ, ಹಣ ನಿಜಕ್ಕೂ ಬಡವರ ಕೈ ಸೇರುತ್ತದೆ ಎಂದು ಅವರು ಕಂಡರು. ಕದಿಯಲು ಯೋಗ್ಯವಾಗದಷ್ಟು ಸಣ್ಣ ಮೊತ್ತವೇ ಅದಕ್ಕೆ ಒಂದು ಕಾರಣವಿರಬಹುದು ಎಂಬ ಅವರ ಊಹೆಯಲ್ಲಿ ಒಂದು ಕಹಿ ನಗೆಯೂ ಇದೆ. ಮನಿಯಾರ್ಡರ್ ಹಿಡಿದು ಪೋಸ್ಟ್‌ಮ್ಯಾನ್ ಜಗಲಿಗೆ ಬರುತ್ತಿದ್ದ ಕಾಲದಲ್ಲಿ ‘ಖುಷಿಗೆ’ ಎಂದು ಹತ್ತೋ ಇಪ್ಪತ್ತೋ ಕೊಡುವ ರೂಢಿ ಹಳ್ಳಿಗಳಲ್ಲಿತ್ತು. ಈಗ ಹಣ ಬ್ಯಾಂಕ್ ಖಾತೆಗೆ ಬೀಳುತ್ತದೆ. ಆಧಾರ್ ಜೋಡಣೆ ತಪ್ಪಿದರೆ, ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತದಿದ್ದರೆ ನಾಡಕಚೇರಿಗೆ ಅಲೆಯಬೇಕು. ಅರುಣಾ ರಾಯ್, ಬಾಬಾ ಆಢಾವ್ ಮುಂದಾಳತ್ವದಲ್ಲಿ ಶುರುವಾದ ಪಿಂಚಣಿ ಪರಿಷತ್ತು 2012ರಿಂದ ಕೇಳುತ್ತಿರುವುದು ಕನಿಷ್ಠ ಕೂಲಿಯ ಅರ್ಧದಷ್ಟು. ಅದನ್ನು ಯಾವ ಸರ್ಕಾರವೂ ಒಪ್ಪಿಲ್ಲ.

ಮುದುಕರು ದುಡಿಯುತ್ತಾರೆ ಎಂಬುದು ಎಲ್ಲರಿಗೂ ಕಾಣುವ ಸಂಗತಿಯಾದರೂ ಶಾಸ್ತ್ರಕ್ಕೆ ಕಾಣಲು ತಡವಾಯಿತು. ಪೆನ್ನಿ ವೆರಾ-ಸಾಂಸೊ ಚೆನ್ನೈನ ಕೊಳೆಗೇರಿ, ಮಾರುಕಟ್ಟೆಗಳಲ್ಲಿ ವರ್ಷಗಟ್ಟಲೆ ಓಡಾಡಿ, ಸೊಪ್ಪು ಮಾರುವ, ಹೂ ಕಟ್ಟುವ ಮುದುಕಿಯರು ಕುಟುಂಬಕ್ಕೆ ಭಾರವಾಗಿರುವ ಬದಲು ಕುಟುಂಬವನ್ನೇ ಹೊರುತ್ತಿದ್ದಾರೆ ಎಂದು ತೋರಿಸಿದರು. ಅತ್ತೆ ಮನೆ ನೋಡಿಕೊಂಡರೆ ತಾನೇ ಸೊಸೆ ಕೆಲಸಕ್ಕೆ ಹೋಗುವುದು? ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಗಳ ಪಾಳಿ ಎಷ್ಟೋ ಊರಿನ ಅಜ್ಜಿಯರ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಹೊಲಿಯುವವಳ ಮಗು ಹಳ್ಳಿಯಲ್ಲಿ ಅಜ್ಜಿಯ ಹತ್ತಿರ.

ಕಾನೂನು ಮಾತ್ರ ಹಳೆಯ ಪ್ರಶ್ನೆಗೇ ಮರಳಿತು. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಮಕ್ಕಳ ಹೊಣೆಯನ್ನು ಬರೆದಿಟ್ಟು, ಜೀವನಾಂಶಕ್ಕೆ ತಿಂಗಳಿಗೆ ಗರಿಷ್ಠ 10,000 ರೂಪಾಯಿಯ ಮಿತಿ ಹಾಕಿತು. ನಮ್ಮಲ್ಲಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ. ಅಲ್ಲಿಗೆ ಬರುವ ಎಷ್ಟೋ ಜಗಳದ ಒಳಗೆ ಒಂದು ದಾನಪತ್ರವಿರುತ್ತದೆ: ನೋಡಿಕೊಳ್ಳುತ್ತಾನೆಂದು ಮನೆ ಬರೆದುಕೊಟ್ಟರು, ಅವನು ನೋಡಿಕೊಳ್ಳಲಿಲ್ಲ. 23ನೇ ಕಲಮಿನಡಿ ಅಂಥ ಪತ್ರ ರದ್ದಾಗಬಹುದು. ಪತ್ರದಲ್ಲೇ ಷರತ್ತು ಬರೆದಿರಬೇಕೇ ಎಂಬುದರ ಬಗ್ಗೆ 2022ರಲ್ಲಿ ಬಿಗಿಯಾಗಿ ನಿಂತ ಸುಪ್ರೀಂ ಕೋರ್ಟ್, 2025ರ ಜನವರಿಯಲ್ಲಿ ಬೇರೊಂದು ಪ್ರಕರಣದಲ್ಲಿ ಉದಾರವಾಗಿ ಓದಿತು. ಅದಕ್ಕೂ ಮೊದಲು, 2020ರ ಡಿಸೆಂಬರಿನಲ್ಲಿ ತೀರ್ಪು ಬಂದ ಬೆಂಗಳೂರಿನ ಒಂದು ಪ್ರಕರಣದಲ್ಲಿ, ಅತ್ತೆ ಮಾವಂದಿರು ಈ ಕಾಯ್ದೆ ಹಿಡಿದು ಸೊಸೆಯನ್ನು ಮನೆಯಿಂದ ಹೊರಹಾಕಲು ಹೊರಟಿದ್ದರು. ಹಿರಿಯರ ರಕ್ಷಣೆಯ ಕಾನೂನಿನಿಂದ ಕೌಟುಂಬಿಕ ದೌರ್ಜನ್ಯದ ಕಾಯ್ದೆ ಕೊಟ್ಟ ವಾಸದ ಹಕ್ಕನ್ನು ಅಳಿಸಲಾಗದು, ಎರಡನ್ನೂ ಒಟ್ಟಿಗೆ ಓದಬೇಕು ಎಂದು ನ್ಯಾಯಾಲಯ ಹೇಳಿತು. ಒಂದೇ ಮನೆಯ ಇಬ್ಬರು ದುರ್ಬಲರನ್ನು ಎದುರುಬದುರು ನಿಲ್ಲಿಸುವ ಕಾನೂನಿನ ಪರಿಣಾಮವನ್ನು ಸಮಾಜಶಾಸ್ತ್ರಜ್ಞರು ಇನ್ನೂ ಹೆಚ್ಚು ಅಗೆಯಬೇಕಿದೆ.

ಈಗಿನ ಕಾಲ ದೊಡ್ಡ ದತ್ತಾಂಶಗಳದ್ದು. ವಿಶ್ವ ಆರೋಗ್ಯ ಸಂಸ್ಥೆಯ ವೃದ್ಧಾಪ್ಯ ಸಮೀಕ್ಷೆ 2007ರಲ್ಲಿ ಆರಿಸಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2011ರ ಇನ್ನೊಂದು ಸಮೀಕ್ಷೆಯನ್ನು ಕಟ್ಟಿದವರಲ್ಲಿ ಬೆಂಗಳೂರಿನ ನಾಗರಭಾವಿಯ ಸಂಶೋಧನಾ ಸಂಸ್ಥೆ ಐಸೆಕ್ ಕೂಡ ಇತ್ತು. ಆದರೆ ಆ ಸಮೀಕ್ಷೆ ಸುತ್ತಿದ ಏಳು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. 45 ದಾಟಿದ ಸುಮಾರು 72,000 ಜನರನ್ನು 2017-18ರಲ್ಲಿ ಮಾತಾಡಿಸಿದ ಲಾಸಿ ಎಂಬ ಅಧ್ಯಯನದ ಪೂರ್ವತಯಾರಿ 2010ರಲ್ಲಿ ನಡೆದದ್ದು ಕರ್ನಾಟಕ, ಕೇರಳ, ಪಂಜಾಬ್, ರಾಜಸ್ಥಾನಗಳಲ್ಲಿ. 60 ದಾಟಿದವರಲ್ಲಿ ಶೇ. 36ರಷ್ಟು ಜನ ಇನ್ನೂ ದುಡಿಯುತ್ತಿದ್ದಾರೆ, ಆ ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಿಧವೆಯರು ಎಂದು ಅದು ಲೆಕ್ಕ ಕೊಟ್ಟಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ಕಾಪಾಡಿಕೊಂಡು ಬಂದ ಹೆರಿಗೆ ದಾಖಲೆಗಳು ಇನ್ನೊಂದು ದಾರಿ ತೆರೆದವು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯ ಕಾಯಿಲೆ ಹೆಚ್ಚು ಎಂದು 1996ರಲ್ಲಿ ತಿಳಿದದ್ದು ಆ ದಾಖಲೆಗಳಿಂದ. ಅದೇ ಮಕ್ಕಳು ಈಗ ಮುದುಕರಾಗಿರುವಾಗ ಅವರ ನೆನಪಿನ ಶಕ್ತಿ, ಆಸ್ತಿಪಾಸ್ತಿಗಳ ಅಧ್ಯಯನವೂ ಸೇರಿದೆ. ಕೋಲಾರದ ಶ್ರೀನಿವಾಸಪುರದಲ್ಲೂ ಹಳ್ಳಿಗರ ಮಿದುಳಿನ ಮುಪ್ಪನ್ನು ವರ್ಷಗಟ್ಟಲೆ ಹಿಂಬಾಲಿಸುವ ಕೆಲಸ ನಡೆದಿದೆ.

ಅಂಕಿ ಎಷ್ಟು ದೊಡ್ಡದಾದರೂ ಕೇಳುವ ರೀತಿಯ ತೊಡಕು ಹೋಗಿಲ್ಲ. ಕಳೆದೊಂದು ವರ್ಷದಲ್ಲಿ ಕೆಟ್ಟದಾಗಿ ನಡೆಸಿಕೊಂಡವರುಂಟೇ ಎಂಬುದಕ್ಕೆ ಲಾಸಿಯಲ್ಲಿ ಹೌದೆಂದವರು ನೂರಕ್ಕೆ ಐವರ ಆಸುಪಾಸು. ನಡುಮನೆಯಲ್ಲಿ ಕೂತು, ಬಾಗಿಲಲ್ಲಿ ಸೊಸೆ ಕಾಫಿ ಲೋಟ ಹಿಡಿದು ನಿಂತಿರುವಾಗ ಯಾವ ಮುದುಕಿ ಹೌದೆಂದಾಳು? 2023ರಲ್ಲಿ ಬಂದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುತ್ತದೆ. ಅತ್ತೆಯೋ ಸೊಸೆಯೋ ಎಂಬ ಚರ್ಚೆ ಆಗ ಊರೂರಲ್ಲಿ ನಡೆಯಿತು. ಪಡಿತರ ಚೀಟಿಯಲ್ಲಿ ಅತ್ತೆಯ ಹೆಸರು ಮೊದಲಿರುವ ಮನೆಗಳಲ್ಲಿ, ವೃದ್ಧಾಪ್ಯಕ್ಕೆಂದು ಮಾಡದ ಯೋಜನೆಯೊಂದು ಸಂಧ್ಯಾ ಸುರಕ್ಷಾಗಿಂತ ದೊಡ್ಡ ಆದಾಯವನ್ನು ಆಕೆಯ ಖಾತೆಗೆ ತಂದಿದೆ. ಖಾತೆಯಿಂದ ತೆಗೆದ ಮೇಲೆ ಆ ಹಣ ಔಷಧಿಗೆ ಹೋಯಿತೋ, ಮೊಮ್ಮಗನ ಶಾಲೆಯ ಫೀಸಿಗೋ, ಮಗನ ಜೇಬಿಗೋ ಎಂಬುದನ್ನು ಪಡಿತರ ಚೀಟಿಯಾಗಲಿ ಬ್ಯಾಂಕಿನ ಪಾಸ್‌ಬುಕ್ ಆಗಲಿ ಹೇಳುವುದಿಲ್ಲ. ಅದನ್ನು ಅತ್ತೆಯನ್ನೂ ಸೊಸೆಯನ್ನೂ ಬೇರೆ ಬೇರೆಯಾಗಿ, ಒಬ್ಬರಿಲ್ಲದಾಗ ಇನ್ನೊಬ್ಬರನ್ನು ಕೇಳಿಯೇ ತಿಳಿಯಬೇಕು.