ದಣಿವಿನ ಚರಿತ್ರೆ

ಅರಸರಿಗೆ ಚರಿತ್ರೆಯುಂಟು, ಯುದ್ಧಗಳಿಗೆ ಚರಿತ್ರೆಯುಂಟು. ದಣಿವಿಗೂ ಚರಿತ್ರೆಯುಂಟೆ ಎಂದರೆ ನಗುವವರೇ ಹೆಚ್ಚು. ದಣಿವು ಸಂಜೆಗೆ ಬರುತ್ತದೆ, ಇರುಳಿನ ನಿದ್ದೆಯೊಡನೆ ಹೋಗುತ್ತದೆ. ಅದು ಶಾಸನ ಬರೆಯಿಸುವುದಿಲ್ಲ, ಕೋಟೆ ಕಟ್ಟಿಸುವುದಿಲ್ಲ. ಆದರೂ ಒಂದು ನಾಡಿನ ಜನ ಹೇಗೆ ದಣಿದರು, ದಣಿವನ್ನು ಹೇಗೆ ಆರಿಸಿಕೊಂಡರು, ಯಾರ ದಣಿವು ಲೆಕ್ಕಕ್ಕೆ ಬಂತು, ಯಾರದು ಬರಲಿಲ್ಲ ಎಂಬುದನ್ನು ವಿಚಾರಿಸದೆ ಆ ನಾಡಿನ ಬಾಳನ್ನು ಅರಿತೆವೆಂದು ಹೇಳಲಾಗದು. ಇದನ್ನು ತಿಳಿಯಲು ನಾನು ದೂರ ಹೋಗಬೇಕಾಗಿಲ್ಲ. ಗೋಕಾಕ ಸೀಮೆಯ ಮೇಲವಂಕಿಯಲ್ಲಿ ಬಾಲ್ಯವನ್ನು ಕಳೆದವನು ನಾನು. ಅಲ್ಲಿಯ ನೆನಪುಗಳೇ ನನಗೆ ದಾರಿ ತೋರಿಸುತ್ತವೆ.

ನನ್ನ ಎಳವೆಯಲ್ಲಿ ಬೆಳಗು ಆಗುತ್ತಿದ್ದುದು ಬೀಸುಕಲ್ಲಿನ ಸಪ್ಪಳದಿಂದ. ಕೋಳಿ ಕೂಗುವ ಮೊದಲೇ ಅವ್ವ ಮತ್ತು ದೊಡ್ಡವ್ವ ಎದುರುಬದಿರು ಕುಳಿತು, ಒಂದೇ ಗೂಟಕ್ಕೆ ಇಬ್ಬರೂ ಕೈ ಹಚ್ಚಿ ಜೋಳ ಬೀಸುತ್ತಿದ್ದರು. ಮೂರು ಸಾಲು ಹಾಡುವುದು, ಒಂದು ಹಿಡಿ ಕಾಳು ಹಾಕುವುದು. ಮತ್ತೆ ಮೂರು ಸಾಲು, ಮತ್ತೊಂದು ಹಿಡಿ. ಒಬ್ಬಳ ದನಿ ಇಳಿದಾಗ ಇನ್ನೊಬ್ಬಳು ಎತ್ತಿಕೊಳ್ಳುವಳು. ಒಂದು ಕೈ ಸೋತಾಗ ಇನ್ನೊಂದು ಕೈ ಗೂಟ ಹಿಡಿಯುವುದು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಪ್ರಕಟಿಸಿ ಇಂಥ ತ್ರಿಪದಿಗಳಿಗೆ ಸಾಹಿತ್ಯದ ಪಂಕ್ತಿಯಲ್ಲಿ ಮಣೆ ಹಾಕಿದರು. ನಮ್ಮ ಗೋಕಾಕ ಸೀಮೆಯ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಆನಂದಕಂದರು ಇದೇ ಜಾನಪದದ ನೆಲದಲ್ಲಿ ತಮ್ಮ ಬಾಳಿನ ಬಹುಭಾಗವನ್ನು ದುಡಿದರು. ಅವರೆಲ್ಲರಿಗೂ ಕನ್ನಡ ಋಣಿಯಾಗಿದೆ.

ನಾನೂ ಮೂವತ್ತು ವರ್ಷಗಳಿಗೂ ಮಿಕ್ಕಿ ತರಗತಿಗಳಲ್ಲಿ ಆ ತ್ರಿಪದಿಗಳ ಸೊಗಸನ್ನು ವಿವರಿಸಿದೆ. ಒಮ್ಮೆ ರಜೆಯಲ್ಲಿ ಊರಿಗೆ ಹೋದಾಗ ದೊಡ್ಡವ್ವನ ಮುಂದೆಯೂ ಈ ಸೊಗಸಿನ ಮಾತು ತೆಗೆದೆ. ಆಕೆ ನಕ್ಕು, “ಹಾಡಂದ್ರ ನಿಮಗ ಪಾಠ, ತಮ್ಮಾ, ನಮಗ ಅದು ಕಲ್ಲು ಹಗುರ ಮಾಡೂ ಉಪಾಯ” ಎಂದಳು. ನಾನು ಛಂದಸ್ಸು ಎಣಿಸಿದ್ದೆ, ಅಲಂಕಾರ ಗುರುತಿಸಿದ್ದೆ. ಹಾಡಿದವಳ ರಟ್ಟೆಯ ನೋವನ್ನು ಎಣಿಸಿರಲಿಲ್ಲ. ಆ ದಿನದ ನಾಚಿಕೆಯೇ ಈ ಭಾಷಣದ ಮೂಲವೆಂದರೂ ಸಲ್ಲುವುದು.

ದೊಡ್ಡವ್ವ ಹೇಳಿದ ಉಪಾಯವನ್ನು ವಿಜ್ಞಾನವೂ ತನ್ನದೇ ಮಾರ್ಗದಲ್ಲಿ ಕಂಡುಕೊಂಡಿತು. ಇಟಲಿಯ ಟ್ಯೂರಿನ್ ನಗರದ ಶರೀರವಿಜ್ಞಾನಿ ಆಂಜೆಲೊ ಮೊಸ್ಸೊ 1891ರಲ್ಲಿ ದಣಿವನ್ನು ಕುರಿತೇ ಒಂದು ಗ್ರಂಥವನ್ನು ಹೊರತಂದನು. ಬೆರಳಿನಿಂದ ಭಾರವನ್ನು ಮತ್ತೆಮತ್ತೆ ಎತ್ತಿಸಿ, ಸ್ನಾಯು ಸೋಲುವ ಬಗೆಯನ್ನು ಗೆರೆಯಾಗಿ ಮೂಡಿಸುವ ಯಂತ್ರವನ್ನು ಅವನು ರಚಿಸಿದ್ದನು. ಅವನ ಪ್ರಯೋಗಶಾಲೆಯಲ್ಲಿ ಕಂಡುಬಂದ ಸಂಗತಿ ಇದು: ಮೂವತ್ತು ಸಲ ಎತ್ತಿ ಪೂರ್ತಿ ಸೋತ ಬೆರಳಿಗೆ ಎರಡು ತಾಸಿನ ವಿಶ್ರಾಂತಿ ಬೇಕು; ಹದಿನೈದಕ್ಕೇ ನಿಲ್ಲಿಸಿದರೆ ಅರ್ಧ ತಾಸು ಸಾಕು. ಕೆಲಸ ಅರ್ಧವಾದರೆ ಬೇಕಾಗುವ ವಿಶ್ರಾಂತಿ ಅರ್ಧವಲ್ಲ, ಕಾಲು ಭಾಗ. ಪೂರ್ತಿ ಸೋಲುವ ಮೊದಲೇ ನಿಲ್ಲುವವನು ಬೇಗ ಚೇತರಿಸಿಕೊಳ್ಳುತ್ತಾನೆ ಎಂಬುದೇ ಇದರ ತಾತ್ಪರ್ಯ. ಪರೀಕ್ಷೆ ನಡೆಸಿ ಬಂದ ಅಧ್ಯಾಪಕರ ಬೆರಳೂ ಬಲಗುಂದಿದ್ದನ್ನು ಮೊಸ್ಸೊ ಗುರುತಿಸಿದನು. ಮನಸ್ಸಿನ ದಣಿವು ಮೈಯನ್ನೂ ಮುಟ್ಟುತ್ತದೆಂದು ಇದರಿಂದ ತಿಳಿಯಿತು. ಮೂರು ಸಾಲಿಗೊಮ್ಮೆ ಕಾಳು ಹಾಕುವ ನೆಪದಲ್ಲಿ ಕೈಯನ್ನು ಹಗುರ ಮಾಡಿಕೊಳ್ಳುತ್ತಿದ್ದ ನಮ್ಮ ತಾಯಂದಿರಿಗೆ ಈ ಅರಿವು ಯಂತ್ರವಿಲ್ಲದೆಯೇ ಬಂದಿತ್ತು.

ಹೊಲದ ದುಡಿಮೆಗೂ ಇಂಥ ಕಟ್ಟಳೆಗಳಿದ್ದವು. ಬಸವಣ್ಣನ ವಾರವೆಂದು ಸೋಮವಾರ ಎತ್ತುಗಳ ಹೆಗಲಿಗೆ ನೊಗ ಹೂಡುತ್ತಿರಲಿಲ್ಲ. ಕಾರಹುಣ್ಣಿವೆಗೆ ಅವುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ ಮೆರೆಯಿಸುವರು. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುವರು. ಭಕ್ತಿಯ ಹೆಸರಿನಲ್ಲಿ ಮೂಕಪ್ರಾಣಿಗೆ ವಿಶ್ರಾಂತಿಯ ಹಕ್ಕನ್ನು ಕೊಟ್ಟ ಹಿರಿಯರ ವಿವೇಕವನ್ನು ಮೆಚ್ಚಲೇಬೇಕು. ಆದರೆ ಇಲ್ಲಿಯೇ ಒಂದು ಪ್ರಶ್ನೆ ಮುಳ್ಳಿನಂತೆ ಚುಚ್ಚುತ್ತದೆ. ಎತ್ತಿಗೆ ಸೋಮವಾರವಿತ್ತು; ಅವ್ವನಿಗೆ ಯಾವ ವಾರವಿತ್ತು? ಹಬ್ಬದ ದಿನ ಎತ್ತು ಮಲಗಿ ಮೆಲುಕು ಹಾಕುತ್ತಿರಲು, ಆಕೆ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು.

ಇನ್ನು ಗೋಕಾಕದ ಜಲಪಾತದತ್ತ ನೋಡೋಣ. 1885ರಲ್ಲಿ ಅಲ್ಲಿಯ ನೀರಿನ ಶಕ್ತಿಯನ್ನು ಬಳಸಿಕೊಳ್ಳಲು ಒಂದು ಕಂಪನಿ ಸ್ಥಾಪನೆಯಾಯಿತು. 1887ರಲ್ಲಿ ನೂಲಿನ ಗಿರಣಿ ಆರಂಭವಾಯಿತು. ಸೂರ್ಯನನ್ನೂ ಕೋಳಿಯನ್ನೂ ನಂಬಿ ಎದ್ದ ಜನ ಈಗ ಗಡಿಯಾರವನ್ನು ನಂಬಿ ಏಳತೊಡಗಿದರು. ಹೊಲದ ಕೆಲಸಕ್ಕೆ ಬೇಸಗೆಯ ಬಿಡುವುಂಟು; ಧುಮುಕುವ ನೀರಿನಿಂದ ತಿರುಗುವ ಯಂತ್ರಕ್ಕೆ ಅಮಾವಾಸ್ಯೆ ಯಾವುದು, ಹುಣ್ಣಿವೆ ಯಾವುದು?

ಆಗ ನಮ್ಮ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಎಂಬ ಮಹನೀಯರು ಗಿರಣಿ ಕೂಲಿಗಳನ್ನು ಒಗ್ಗೂಡಿಸಿ, ವಾರಕ್ಕೊಂದು ದಿನದ ಬಿಡುವು ಬೇಕೆಂದು 1884ರಲ್ಲಿಯೇ ಬೇಡಿಕೆ ಸಲ್ಲಿಸಿದ್ದರು. 1890ರಲ್ಲಿ ಮುಂಬಯಿಯ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಮೊಸ್ಸೊನ ಗ್ರಂಥ ಹೊರಬಂದ 1891ರಲ್ಲಿಯೇ ಹಿಂದುಸ್ಥಾನದ ಎರಡನೆಯ ಕಾರ್ಖಾನೆ ಕಾಯಿದೆಯೂ ಬಂದು, ವಾರದ ರಜೆಗೆ ಕಾನೂನಿನ ಬಲ ದೊರೆಯಿತು. ಹೆಂಗಸರ ದುಡಿಮೆಯನ್ನು ದಿನಕ್ಕೆ 11 ತಾಸಿಗೆ ಮಿತಗೊಳಿಸಲಾಯಿತು. ಬಟ್ಟೆ ಗಿರಣಿಯ ಗಂಡಾಳುಗಳಿಗೆ 12 ತಾಸಿನ ಮಿತಿ ಬಂದದ್ದು 1911ರಲ್ಲಿ. ಮುಂದೆ 1922ರಲ್ಲಿ ವಾರಕ್ಕೆ 60 ತಾಸು, 1934ರಲ್ಲಿ 54, ಸ್ವಾತಂತ್ರ್ಯಾನಂತರದ 1948ರ ಕಾಯಿದೆಯಲ್ಲಿ 48 ತಾಸು, ಐದು ತಾಸಿನ ದುಡಿಮೆಗೆ ಅರ್ಧ ತಾಸಿನ ಬಿಡುವು. ಒಂದೊಂದು ತಾಸನ್ನು ಇಳಿಸಲು ಎಷ್ಟು ವರ್ಷ ಬೇಕಾಯಿತೆಂಬುದನ್ನು ಗಮನಿಸಬೇಕು. 2023ರಲ್ಲಿ ನಮ್ಮ ರಾಜ್ಯದ ಶಾಸನಸಭೆ ವಾರದ 48 ತಾಸಿನ ಮಿತಿಯನ್ನು ಉಳಿಸಿಕೊಂಡೇ ದಿನಕ್ಕೆ 12 ತಾಸು ದುಡಿಸಲು ಅವಕಾಶ ಕೊಡುವ ತಿದ್ದುಪಡಿಯನ್ನು ಅಂಗೀಕರಿಸಿತು. ಲೆಕ್ಕದಲ್ಲಿ ವಾರದ ಮೊತ್ತ ಬದಲಾಗಲಿಲ್ಲ. ಹದಿನೈದು ಎತ್ತುಗಳಿಗೂ ಮೂವತ್ತು ಎತ್ತುಗಳಿಗೂ ಇರುವ ಅಂತರವನ್ನು ಬಲ್ಲ ಬೆರಳು ಮಾತ್ರ ಆ ಲೆಕ್ಕವನ್ನು ಒಪ್ಪಲಾರದು.

ಹೆಚ್ಚು ದುಡಿಮೆಯೇ ಹಿರಿಮೆಯೆನ್ನುವವರು ಶರಣರ ಕಾಯಕತತ್ತ್ವವನ್ನು ಮುಂದೆ ಮಾಡುವುದುಂಟು. ಆದರೆ ಆಯ್ದಕ್ಕಿ ಮಾರಯ್ಯನ ಕಥೆ ಏನನ್ನುತ್ತದೆ? ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆತ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಾದುದನ್ನು ತಂದಲ್ಲಿಗೇ ಒಯ್ದು ಸುರಿಯೆಂದಳು. ದುಡಿಮೆ ಪೂಜೆಯೆಂದ ಆ ಕಾಲವೇ ದುಡಿಮೆಗೆ ‘ಇಷ್ಟು ಸಾಕು’ ಎಂಬ ಎಲ್ಲೆಯನ್ನೂ ಹಾಕಿತ್ತು. ಆ ಎಲ್ಲೆಯನ್ನು ತೋರಿಸಿದವಳು ಒಬ್ಬ ಹೆಣ್ಣುಮಗಳು.

ಮೇಲವಂಕಿಯ ನಮ್ಮ ಮನೆಯಲ್ಲಿ ಬೀಸುಕಲ್ಲು ಮೂಲೆ ಸೇರಿದ್ದು ಹಿಟ್ಟಿನ ಗಿರಣಿಯಿಂದ. ಸಪ್ಪಳ ನಿಂತಿತು, ಹಾಡೂ ನಿಂತಿತು. ಹಾಡು ಹೋಯಿತೆಂದು ನಮ್ಮಂಥ ಅಧ್ಯಾಪಕರು ಮರುಗಿದೆವು. ರಟ್ಟೆಯ ನೋವು ಹೋಯಿತೆಂದು ಅವ್ವ ಕೈಮುಗಿದಳು. ನ್ಯಾಯ ಅವಳ ಕಡೆಗಿತ್ತು. ಆದರೆ ಉಳಿದ ಹೊತ್ತು ಅವಳ ಪಾಲಿಗೆ ಬಂತೇ? 2019ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮಯದ ಬಳಕೆಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಟ್ಟರೆ, ತೊಡಗಿದ ಗಂಡಸರು ಕೊಟ್ಟದ್ದು 97 ನಿಮಿಷ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 47.8ರಷ್ಟು ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂತು. “ಯಾಕೋ ಕೈಕಾಲಾಗ ಬಲ ಇಲ್ಲ” ಎಂದು ಮನೆಯಾಕೆ ಅಂದಾಗ ಅದನ್ನು ಸೋಮಾರಿತನವೆಂದೋ ವಯಸ್ಸೆಂದೋ ತಳ್ಳಿಹಾಕುವ ನಾವು ಈ ಅಂಕಿಗಳನ್ನು ನೆನೆಯಬೇಕು. ಆ ದಣಿವಿಗೆ ಬೇಕಾದದ್ದು ಉಪದೇಶವಲ್ಲ. ರಕ್ತ ತಪಾಸಣೆ, ಹೊಟ್ಟೆತುಂಬ ಕಾಳುಪಲ್ಲೆ, ಕಣ್ಣುತುಂಬ ನಿದ್ದೆ.

ಪೇಟೆಯ ಓದುಗರಾದ ನಮ್ಮ ದಣಿವು ಬೇರೆ ಬಗೆಯದು. ಕುಳಿತಲ್ಲಿಯೇ ದಣಿಯುತ್ತೇವೆ, ಚಹಾ ಕುಡಿದು ಹುರುಪನ್ನು ಕಡ ತರುತ್ತೇವೆ. ಅದಕ್ಕೂ ಹಳೆಯ ಪಾಠ ಸಲ್ಲುತ್ತದೆ: ಸೋತ ಮೇಲೆ ಮಲಗುವುದಲ್ಲ, ಸೋಲುವ ಮೊದಲೇ ಕೈ ಬದಲಾಯಿಸುವುದು. ಆದರೆ ಇಷ್ಟನ್ನೇ ಹೇಳಿ ಮುಗಿಸಿದರೆ ನಾನು ಮತ್ತೆ ಛಂದಸ್ಸನ್ನಷ್ಟೇ ಎಣಿಸಿದಂತಾಗುವುದು. ಅವ್ವನ ಕೈಗೆ ಬಿಡುವು ಸಿಕ್ಕುತ್ತಿದ್ದುದು ಹಾಡಿನಿಂದ ಮಾತ್ರವಲ್ಲ, ಎದುರು ಕುಳಿತ ದೊಡ್ಡವ್ವನೂ ಅದೇ ಗೂಟವನ್ನು ಹಿಡಿದಿದ್ದರಿಂದ. ಆ ಮನೆಯಲ್ಲಿ ಗಂಡಸರಿದ್ದರು, ನಾನೂ ಇದ್ದೆ. ಆ ಸಪ್ಪಳಕ್ಕೆ ಎಚ್ಚೆತ್ತು, ಹಾಡು ಕೇಳುತ್ತ, ಕೌದಿಯನ್ನು ಮೇಲಕ್ಕೆಳೆದುಕೊಂಡು ನಾವು ಮತ್ತೆ ಮಲಗುತ್ತಿದ್ದೆವು.