ಕಾಂಟ್ಯಾಕ್ಟ್ ಲೆನ್ಸಿನ ಸೋಂಕು: ದ್ರವದ ಕಡೆಯಿಂದ ಒಂದು ಚರಿತ್ರೆ

ನಾನು ಡಿ. ಹಿರೇಹಾಳಿನವನು. 1953ರ ಅಕ್ಟೋಬರ್ 1ರವರೆಗೆ ನಮ್ಮ ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಅನಂತಪುರಕ್ಕೆ ಸೇರಿತು. ಜಿಲ್ಲೆ ಬದಲಾದರೂ ಕಣ್ಣು ನೋವು ಬಂದ್ರೆ ನಮ್ಮವರು ಬಸ್ ಹತ್ತೋದು ಬಳ್ಳಾರಿಗೇ. ನಮ್ಮ ಮಂಡಲದ ಓಬಳಾಪುರಂ ಗಣಿಯ ಕೆಂಪು ಧೂಳು ಕಂಡವರಿಗೆ, ಕಣ್ಣು ಕೆಂಪಾದಾಗ ಮೊದಲ ಅನುಮಾನ ಧೂಳಿನ ಮೇಲೆ. ಧೂಳು ಕಣ್ಣು ಗೀರುತ್ತೆ, ನಿಜ. ಆದರೆ ಲೆನ್ಸ್ ಹಾಕುವವರು ಅದಕ್ಕಿಂತ ಮೊದಲು ಅನುಮಾನಿಸಬೇಕಾದ್ದು ಒದ್ದೆಯನ್ನು, ಲೆನ್ಸ್ ನೆನೆಯುವ ದ್ರವವನ್ನು ಅಂತ ನನ್ನ ವಾದ.

1880ರ ದಶಕದ ಕೊನೆಗೆ ಜ್ಯೂರಿಕ್‌ನಲ್ಲಿ ಅಡಾಲ್ಫ್ ಫಿಕ್ ಮಾಡಿದ ಲೆನ್ಸು ಗಾಜಿನದು. ಕೆಲವು ಗಂಟೆಗಿಂತ ಹೆಚ್ಚು ಹೊತ್ತು ತಾಳಿಕೊಳ್ಳೋಕೆ ಆಗ್ತಿರಲಿಲ್ಲ. 1961ರಲ್ಲಿ ಜೆಕೊಸ್ಲೊವಾಕಿಯಾದ ಒಟ್ಟೊ ವಿಖ್ಟರ್ಲೆ, ಮಕ್ಕಳ ಆಟದ ಬಿಡಿಭಾಗಗಳನ್ನು ಜೋಡಿಸಿದ ಯಂತ್ರದಲ್ಲಿ, ಮನೆಯಲ್ಲೇ ಮೃದು ಲೆನ್ಸ್ ಎರಕ ಹೊಯ್ದರು. ಈ ಹೈಡ್ರೋಜೆಲ್ ನೀರು ಹೀರಿಯೇ ಮೆತ್ತಗಾಗುವಂಥದ್ದು. ಅಂದ್ರೆ ಒಣಗಿಸಿ ಇಡೋ ಹಾಗಿಲ್ಲ. ತೆಗೆದ ಮೇಲೂ ಡಬ್ಬಿಯೊಳಗೆ ದ್ರವದಲ್ಲೇ ಇರಬೇಕು.

ಅಲ್ಲಿಗೆ ಬರುವುದು ಸೂಡೋಮೊನಾಸ್ ಎರುಜಿನೋಸ. 1882ರಲ್ಲಿ ಫ್ರಾನ್ಸಿನ ಗೆಸಾರ್, ನೀಲಿ-ಹಸಿರು ಬಣ್ಣ ಹಿಡಿದ ಬ್ಯಾಂಡೇಜುಗಳಿಂದ ಇದನ್ನು ಬೇರ್ಪಡಿಸಿದ್ದರು. ನೀರಿದ್ದರೆ ಸಾಕು, ಬದುಕಿಬಿಡುತ್ತೆ. ಬಹಳ ದಿನ ತಿಕ್ಕದ ಕೊಡದೊಳಗೆ ಕೈಯಾಡಿಸಿದರೆ ಲೋಳೆ ಹತ್ತುತ್ತದಲ್ಲ, ಅಂಥದ್ದೇ ಪದರ ಡಬ್ಬಿಯಲ್ಲೂ ಕಟ್ಟುತ್ತೆ. ಹಳೇ ದ್ರವಕ್ಕೆ ಹೊಸದು ಸುರಿದರೆ ಅದು ಹೋಗಲ್ಲ. ಗಾಯವಿಲ್ಲದ ಕಾರ್ನಿಯಾವನ್ನು ಈ ಬ್ಯಾಕ್ಟೀರಿಯಾ ಸುಲಭಕ್ಕೆ ಹೊಗಲಾರದು. ಆದರೆ ಲೆನ್ಸ್ ಹಾಕಿಕೊಂಡೇ ಮಲಗಿದರೆ ಆಮ್ಲಜನಕ ಕಡಿಮೆಯಾಗಿ ಮೇಲ್ಪದರ ಸೋಲುತ್ತೆ, ಕಣ್ಣೀರು ತೊಳೆಯುವುದೂ ನಿಲ್ಲುತ್ತೆ. 1989ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಲೆಕ್ಕದಲ್ಲಿ, ಹಗಲು ಮಾತ್ರ ಧರಿಸುವ ಮೃದು ಲೆನ್ಸಿನವರಲ್ಲಿ ವರ್ಷಕ್ಕೆ 10,000 ಜನರಲ್ಲಿ 4.1 ಮಂದಿಗೆ ಕಾರ್ನಿಯಾ ಹುಣ್ಣು. ರಾತ್ರಿಯೂ ಬಿಡುವ ಲೆನ್ಸಿನವರಲ್ಲಿ 20.9.

ಲೆನ್ಸಿನ ಮಾತು ಹೀಗೆ. ಲೆನ್ಸೇ ಇಲ್ಲದ ಕಣ್ಣಿಗೂ ಇದೇ ದಾರಿ ಉಂಟು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ 2019ರ ಜುಲೈನಲ್ಲಿ ಪೊರೆ ತೆಗೆಸಿಕೊಂಡ 24 ಜನರಿಗೆ ಸೋಂಕಾಯಿತು, ಕೆಲವರ ದೃಷ್ಟಿ ಹೋಯಿತು. ಪರೀಕ್ಷೆಯಲ್ಲಿ ಸೂಡೋಮೊನಾಸ್ ಸಿಕ್ಕಿದ್ದು ಶಸ್ತ್ರಚಿಕಿತ್ಸೆಗೆ ಬಳಸುವ ಜೆಲ್‌ನಲ್ಲಿ. 2023ರಲ್ಲಿ ಅಮೆರಿಕದಲ್ಲಿ 14 ಜನ ದೃಷ್ಟಿ ಕಳೆದುಕೊಂಡ ಪ್ರಕರಣದಲ್ಲಿ ಆರೋಪ ಬಂದದ್ದು ಚೆನ್ನೈ ಬಳಿ ತಯಾರಾದ ಕೃತಕ ಕಣ್ಣೀರಿನ ಮೇಲೆ.

ನಮ್ಮ ಕಡೆ ನಡೆಯೋದು ಏನಂದ್ರೆ, ಕಣ್ಣು ಕೆಂಪಾದ್ರೆ ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತರ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿಯುತ್ತೆ, ಒಳಗೆ ಹುಣ್ಣು ಬೆಳೆಯುತ್ತೆ. ಸೂಡೋಮೊನಾಸ್ ಎರಡು-ಮೂರು ದಿನದಲ್ಲಿ ಕಾರ್ನಿಯಾ ಕರಗಿಸಬಲ್ಲದು. ಕೊನೆಗೆ ಬಳ್ಳಾರಿಗೆ ಹೊರಡುವಾಗ ಲೆನ್ಸು, ಡಬ್ಬಿ, ಬಾಟಲಿ ಎಲ್ಲಾ ಗಲೀಜು ಅಂತ ಬಿಸಾಡಿ ಹೋಗ್ತಾರೆ. ಚರಿತ್ರೆ ವಿದ್ಯಾರ್ಥಿಯಾಗಿ ನನಗೆ ಇದೇ ಸಂಕಟ. ಲ್ಯಾಬಿನವರು ಕಲ್ಚರ್ ಮಾಡಿ ಸೋಂಕು ಎಲ್ಲಿಂದ ಬಂತು ಅಂತ ಹೇಳಬಹುದಾದ ದಾಖಲೆ ಆ ಡಬ್ಬಿಯ ತಳದ ಒಂದೆರಡು ಹನಿ. ಅದು ತಿಪ್ಪೆಯಲ್ಲಿರುತ್ತೆ.