ಹಿಮ್ಮಡಿ ಸ್ನಾಯುರಜ್ಜುವಿನ ತೊಂದರೆಗಳು: ಸ್ಕ್ಯಾನಿಂಗ್ ಪರೀಕ್ಷೆಗಳ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಜೋಡಿಸುವ ಗಟ್ಟಿಯಾದ ಪಟ್ಟಿಯನ್ನು ಹಿಮ್ಮಡಿ ಸ್ನಾಯುರಜ್ಜು ಅಥವಾ ಅಕಿಲಿಸ್ ಟೆಂಡನ್ ಎಂದು ಕರೆಯಲಾಗುತ್ತದೆ. ಸುಮಾರು 15 ಸೆಂ.ಮೀ. ಉದ್ದವಿರುವ ಇದು ಮಾನವ ದೇಹದ ಅತ್ಯಂತ ದಪ್ಪನೆಯ ಹಾಗೂ ಬಲಿಷ್ಠವಾದ ಸ್ನಾಯುರಜ್ಜುವಾಗಿದೆ. ನಡೆಯುವಾಗ, ಓಡುವಾಗ ಹಾಗೂ ಮೆಟ್ಟಿಲು ಹತ್ತುವಾಗ ಹಿಮ್ಮಡಿಯನ್ನು ಮೇಲೆತ್ತುವ ಬಲವು ಇದರ ಮೂಲಕವೇ ಪಾದಕ್ಕೆ ತಲುಪುತ್ತದೆ.

ಈ ಭಾಗದಲ್ಲಿ ನೋವು ಕಾಣಿಸಿಕೊಂಡಾಗ ಸ್ಕ್ಯಾನಿಂಗ್ ಅಗತ್ಯವೇ, ಅಗತ್ಯವಿದ್ದಲ್ಲಿ ಯಾವ ಪರೀಕ್ಷೆ ಸೂಕ್ತ ಮತ್ತು ಅದರ ವರದಿಯನ್ನು ಹೇಗೆ ಅರ್ಥೈಸಿಕೊಳ್ಳಬೇಕು ಎಂಬ ಬಗ್ಗೆ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗಿನಂತೆ ಮಾಹಿತಿ ನೀಡಲಾಗಿದೆ.

ಸಾಮಾನ್ಯವಾಗಿ ಕಂಡುಬರುವ ತೊಂದರೆಗಳು

1. ಮಧ್ಯಭಾಗದ ಸವೆತ: ಹಿಮ್ಮಡಿಯ ಮೂಳೆಯಿಂದ 2 ರಿಂದ 6 ಸೆಂ.ಮೀ. ಮೇಲಿನ ಭಾಗದಲ್ಲಿ ರಜ್ಜು ದಪ್ಪವಾಗಿ ನೋವುಂಟಾಗುತ್ತದೆ. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ಬಿಗಿತ ಹೆಚ್ಚಿರುತ್ತದೆ.

2. ಮೂಳೆಗೆ ಸೇರುವ ಭಾಗದ ತೊಂದರೆ: ರಜ್ಜು ಮೂಳೆಗೆ ಅಂಟಿಕೊಳ್ಳುವ ಸ್ಥಳದಲ್ಲಿ ಸವೆತ, ಸುಣ್ಣದಂಶದ ಶೇಖರಣೆ ಅಥವಾ ಅಲ್ಲಿರುವ ಸಣ್ಣ ದ್ರವಚೀಲದ ಉರಿಯೂತ ಉಂಟಾಗಬಹುದು.

3. ರಜ್ಜು ಹರಿಯುವುದು: ಓಡುವಾಗ ಅಥವಾ ಜಿಗಿಯುವಾಗ ರಜ್ಜು ಹಠಾತ್ತನೆ ಭಾಗಶಃ ಅಥವಾ ಪೂರ್ಣವಾಗಿ ತುಂಡಾಗಬಹುದು. ಹಿಂದಿನಿಂದ ಯಾರೋ ಒದ್ದಂತೆ ಭಾಸವಾಯಿತೆಂದು ಅನೇಕರು ವೈದ್ಯರಲ್ಲಿ ತಿಳಿಸುತ್ತಾರೆ.

ಮೊದಲು ದೈಹಿಕ ತಪಾಸಣೆ

ಯಾವುದೇ ಯಂತ್ರದ ಪರೀಕ್ಷೆಗೆ ಮೊದಲು ವೈದ್ಯರ ದೈಹಿಕ ತಪಾಸಣೆ ಅತ್ಯವಶ್ಯ. ರಜ್ಜು ಪೂರ್ಣವಾಗಿ ಹರಿದಿರುವ ಶಂಕೆಯಿದ್ದಲ್ಲಿ ವ್ಯಕ್ತಿಯನ್ನು ಬೋರಲು ಮಲಗಿಸಿ, ಪಾದಗಳು ಮೇಜಿನ ಅಂಚಿನಿಂದ ಹೊರಗಿರುವಂತೆ ಮಾಡಿ, ಮೀನಖಂಡವನ್ನು ಕೈಯಿಂದ ಹಿಸುಕಲಾಗುತ್ತದೆ. ರಜ್ಜು ಸರಿಯಿದ್ದಲ್ಲಿ ಪಾದವು ಕೆಳಮುಖವಾಗಿ ಚಲಿಸುತ್ತದೆ. ಪೂರ್ಣವಾಗಿ ಹರಿದಿದ್ದಲ್ಲಿ ಸಾಮಾನ್ಯವಾಗಿ ಚಲಿಸುವುದಿಲ್ಲ. ಸೈಮಂಡ್ಸ್ ಮತ್ತು ಥಾಂಪ್ಸನ್ ಎಂಬ ವೈದ್ಯರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಈ ಸರಳ ಪರೀಕ್ಷೆಗೆ ಯಾವುದೇ ಉಪಕರಣ ಬೇಕಾಗುವುದಿಲ್ಲ.

ರಜ್ಜು ಪೂರ್ಣವಾಗಿ ತುಂಡಾಗಿದ್ದರೂ ಕಾಲಿನ ಇತರ ಸ್ನಾಯುಗಳ ನೆರವಿನಿಂದ ಕೆಲವರು ಕುಂಟುತ್ತಾ ನಡೆಯಬಲ್ಲರು. ಈ ಕಾರಣದಿಂದ ಇದನ್ನು ಕೇವಲ ಉಳುಕು ಎಂದು ಭಾವಿಸಿ, ಎಣ್ಣೆ ತಿಕ್ಕಿಸಿಕೊಂಡು ಅಥವಾ ಪಟ್ಟು ಕಟ್ಟಿಸಿಕೊಂಡು ವಾರಗಟ್ಟಲೆ ಕಳೆಯುವ ಸಂಭವವಿರುತ್ತದೆ. ಅಷ್ಟರಲ್ಲಿ ತುಂಡಾದ ತುದಿಗಳು ದೂರ ಸರಿದು ಚಿಕಿತ್ಸೆ ಕಠಿಣವಾಗುತ್ತದೆ. ನಡೆಯಲು ಸಾಧ್ಯವಾಗುತ್ತಿದೆ ಎಂಬುದು ರಜ್ಜು ಸರಿಯಿದೆ ಎಂಬುದಕ್ಕೆ ಆಧಾರವಲ್ಲ.

ಪರೀಕ್ಷಾ ವಿಧಾನಗಳು

ಅಲ್ಟ್ರಾಸೌಂಡ್: ಹಿಮ್ಮಡಿ ರಜ್ಜು ಚರ್ಮದ ಕೆಳಗೇ ಇರುವುದರಿಂದ ಶಬ್ದತರಂಗಗಳ ಮೂಲಕ ಅದನ್ನು ಸ್ಪಷ್ಟವಾಗಿ ನೋಡಬಹುದು. ಇದರಲ್ಲಿ ವಿಕಿರಣದ ಬಳಕೆಯಿಲ್ಲ; ವೆಚ್ಚವೂ ಎಂ.ಆರ್.ಐ.ಗಿಂತ ಕಡಿಮೆ. ಆರೋಗ್ಯವಂತರಲ್ಲಿ ರಜ್ಜುವಿನ ದಪ್ಪ ಸಾಮಾನ್ಯವಾಗಿ 4 ರಿಂದ 6 ಮಿ.ಮೀ. ಇದ್ದು, ಎಳೆಗಳು ಸಮಾನಾಂತರವಾಗಿ ಕಾಣುತ್ತವೆ. ಸವೆದ ಭಾಗವು ದಪ್ಪವಾಗಿ, ಕಪ್ಪಾಗಿ ಕಾಣುತ್ತದೆ. ಡಾಪ್ಲರ್ ವಿಧಾನದಿಂದ ಅಲ್ಲಿ ಹೊಸದಾಗಿ ಬೆಳೆದಿರುವ ಸಣ್ಣ ರಕ್ತನಾಳಗಳನ್ನು ಗುರುತಿಸಬಹುದು. ಪಾದವನ್ನು ಮೇಲೆ ಕೆಳಗೆ ಚಲಿಸುತ್ತಾ ನೋಡಬಹುದಾಗಿರುವುದು ಈ ಪರೀಕ್ಷೆಯ ವಿಶೇಷ ಪ್ರಯೋಜನ. ಹರಿದ ತುದಿಗಳು ಪಾದವನ್ನು ಕೆಳಕ್ಕೆ ಬಾಗಿಸಿದಾಗ ಒಂದನ್ನೊಂದು ಸೇರುತ್ತವೆಯೇ ಎಂಬ ಅಂಶವು ಶಸ್ತ್ರಚಿಕಿತ್ಸೆ ಬೇಕೇ ಅಥವಾ ಪಟ್ಟಿಯ ಚಿಕಿತ್ಸೆ ಸಾಕೇ ಎಂಬ ತೀರ್ಮಾನಕ್ಕೆ ಸಹಕಾರಿಯಾಗುತ್ತದೆ. ಆದರೆ ಉಪಕರಣವನ್ನು ಹಿಡಿಯುವ ಕೋನ ತಪ್ಪಿದಲ್ಲಿ ಸರಿಯಿರುವ ರಜ್ಜುವೂ ಕಪ್ಪಾಗಿ ಕಾಣುವುದರಿಂದ ಫಲಿತಾಂಶವು ಪರೀಕ್ಷಿಸುವವರ ಅನುಭವವನ್ನು ಅವಲಂಬಿಸಿರುತ್ತದೆ.

ಕ್ಷ-ಕಿರಣ: ಇದರಲ್ಲಿ ಮೂಳೆ ಸ್ಪಷ್ಟವಾಗಿ ಕಾಣುತ್ತದೆಯೇ ಹೊರತು ರಜ್ಜುವಿನ ಒಳರಚನೆ ಕಾಣುವುದಿಲ್ಲ. ರಜ್ಜು ಮೂಳೆಯ ತುಣುಕನ್ನು ಕಿತ್ತುಕೊಂಡು ಬಂದಿರುವುದು, ಸುಣ್ಣದಂಶದ ಶೇಖರಣೆ ಮತ್ತು ಹಿಮ್ಮಡಿ ಮೂಳೆಯ ಹಿಂಭಾಗದ ಉಬ್ಬನ್ನು ಪತ್ತೆಹಚ್ಚಲು ಇದು ಸಾಕು. "ಎಕ್ಸ್-ರೇ ಸರಿಯಿದೆ" ಎಂಬ ಮಾತ್ರಕ್ಕೆ ರಜ್ಜು ಹರಿದಿಲ್ಲ ಎಂದು ತಿಳಿಯಬಾರದು.

ಎಂ.ಆರ್.ಐ.: ಶಕ್ತಿಯುತ ಆಯಸ್ಕಾಂತದ ಮೂಲಕ ರಜ್ಜು, ಮೂಳೆಯ ಒಳಭಾಗ, ದ್ರವಚೀಲ ಹಾಗೂ ಸುತ್ತಲಿನ ಅಂಗಾಂಶಗಳನ್ನು ಒಟ್ಟಿಗೆ ತೋರಿಸುತ್ತದೆ. ಇದರಲ್ಲಿಯೂ ವಿಕಿರಣವಿಲ್ಲ. ರೋಗನಿರ್ಣಯ ಅಸ್ಪಷ್ಟವಾಗಿರುವಾಗ, ಹಳೆಯ ಹರಿತವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಮುನ್ನ ಅಥವಾ ಚಿಕಿತ್ಸೆಯ ನಂತರವೂ ನೋವು ಮುಂದುವರಿದಾಗ ಇದು ಉಪಯುಕ್ತ. ಹೊಸದಾಗಿ ರಜ್ಜು ಹರಿದಿರುವುದು ತಪಾಸಣೆಯಿಂದಲೇ ಖಚಿತವಾಗಿದ್ದಲ್ಲಿ ಎಂ.ಆರ್.ಐ.ಗಾಗಿ ದಿನಗಟ್ಟಲೆ ಕಾದು ಚಿಕಿತ್ಸೆಯನ್ನು ಮುಂದೂಡುವುದು ಸೂಕ್ತವಲ್ಲ.

ವರದಿಯನ್ನು ಅರ್ಥೈಸಿಕೊಳ್ಳುವ ಬಗೆ

ಚಿತ್ರ ಮತ್ತು ನೋವು ಯಾವಾಗಲೂ ಹೊಂದಿಕೆಯಾಗುವುದಿಲ್ಲ. ನೋವೇ ಇಲ್ಲದ ವ್ಯಕ್ತಿಯ ರಜ್ಜುವಿನಲ್ಲಿಯೂ ಸವೆತದ ಲಕ್ಷಣಗಳು ಕಾಣಬಹುದು. ಅಂತೆಯೇ, ವ್ಯಾಯಾಮ ಚಿಕಿತ್ಸೆಯಿಂದ ನೋವು ಪೂರ್ಣವಾಗಿ ಶಮನವಾದ ನಂತರವೂ ಚಿತ್ರದಲ್ಲಿನ ದಪ್ಪ ಉಳಿಯಬಹುದು. ಆದುದರಿಂದ ಗುಣಮುಖವಾಗಿರುವುದನ್ನು ಅಳೆಯಬೇಕಾದುದು ನೋವು, ಬಲ ಮತ್ತು ಚಲನೆಯಿಂದಲೇ ಹೊರತು ಮೇಲಿಂದ ಮೇಲೆ ಮಾಡಿಸುವ ಸ್ಕ್ಯಾನಿಂಗ್‌ನಿಂದಲ್ಲ.

ಕೆಲವೊಮ್ಮೆ ಚಿತ್ರವು ಕಾಲಿಗೆ ಸೀಮಿತವಲ್ಲದ ಕಾಯಿಲೆಯ ಸುಳಿವನ್ನೂ ನೀಡುತ್ತದೆ. ಎರಡೂ ಕಾಲುಗಳ ರಜ್ಜು ಗಂಟುಗಂಟಾಗಿ ದಪ್ಪವಾಗಿದ್ದಲ್ಲಿ ವಂಶಪಾರಂಪರ್ಯವಾಗಿ ಬರುವ ಅಧಿಕ ಕೊಲೆಸ್ಟರಾಲ್ ಇರಬಹುದಾಗಿದ್ದು, ರಕ್ತಪರೀಕ್ಷೆ ಮಾಡಿಸುವುದು ಅಗತ್ಯ. ಇದನ್ನು ಬೇಗ ಗುರುತಿಸಿದಲ್ಲಿ ಕುಟುಂಬದ ಇತರರನ್ನೂ ಹೃದ್ರೋಗದಿಂದ ರಕ್ಷಿಸಲು ಅವಕಾಶವಾಗುತ್ತದೆ. ಮೂಳೆಗೆ ಸೇರುವ ಸ್ಥಳದ ಉರಿಯೂತವು ಕೆಲವು ಬಗೆಯ ಸಂಧಿವಾತದ ಲಕ್ಷಣವೂ ಆಗಿರಬಹುದು.

ಪರೀಕ್ಷೆಗೆ ತೆರಳುವವರ ಗಮನಕ್ಕೆ

1. ಕಾಲ್ಗೆಜ್ಜೆ, ಕಾಲುಂಗುರ, ಕಾಲಿಗೆ ಕಟ್ಟಿದ ದಾರ ಹಾಗೂ ತಾಯಿತಗಳನ್ನು ಮೊದಲೇ ತೆಗೆದಿರಿಸುವುದು. ಎಂ.ಆರ್.ಐ. ಕೊಠಡಿಗೆ ಯಾವುದೇ ಲೋಹದ ವಸ್ತುವನ್ನು ಒಯ್ಯುವಂತಿಲ್ಲ.

2. ಪೇಸ್‌ಮೇಕರ್ ಅಥವಾ ಶರೀರದಲ್ಲಿ ಅಳವಡಿಸಿದ ಲೋಹದ ಸಾಧನವಿದ್ದಲ್ಲಿ, ಇಲ್ಲವೇ ಕಣ್ಣಿಗೆ ಎಂದಾದರೂ ಲೋಹದ ಚೂರು ಸಿಡಿದಿದ್ದಲ್ಲಿ, ಎಂ.ಆರ್.ಐ.ಗೆ ಮುನ್ನ ಕಡ್ಡಾಯವಾಗಿ ತಿಳಿಸುವುದು.

3. ಗರ್ಭಿಣಿಯರು ಕ್ಷ-ಕಿರಣ ಪರೀಕ್ಷೆಗೆ ಮುನ್ನ ಸಿಬ್ಬಂದಿಗೆ ಮಾಹಿತಿ ನೀಡುವುದು.

4. ಸೇವಿಸುತ್ತಿರುವ ಔಷಧಗಳ ಚೀಟಿಯನ್ನು ಜೊತೆಗೆ ಒಯ್ಯುವುದು. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಗುಂಪಿನ ಪ್ರತಿಜೀವಕಗಳಿಂದ ರಜ್ಜು ಹರಿಯುವ ಅಪಾಯವಿರುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2008ರಲ್ಲಿ ಗಂಭೀರ ಎಚ್ಚರಿಕೆ ನೀಡಿದೆ. ಇವುಗಳನ್ನು ಸೇವಿಸುವಾಗ ಹಿಮ್ಮಡಿ ನೋವು ಬಂದಲ್ಲಿ ಮುಂದಿನ ಗುಳಿಗೆಗೆ ಮೊದಲೇ ವೈದ್ಯರನ್ನು ಸಂಪರ್ಕಿಸುವುದು.

5. ಅಲ್ಟ್ರಾಸೌಂಡ್ ಕೇಂದ್ರಗಳು ಭ್ರೂಣಲಿಂಗ ಪತ್ತೆ ನಿಷೇಧಕ್ಕೆ ಸಂಬಂಧಿಸಿದ 1994ರ ಕಾಯ್ದೆಯಡಿ ನೋಂದಣಿ ಹೊಂದಿರುವುದು ಕಡ್ಡಾಯ. ನೋಂದಣಿ ಪತ್ರವನ್ನು ಕೇಂದ್ರದಲ್ಲಿ ಪ್ರದರ್ಶಿಸಿರುವುದನ್ನು ಗಮನಿಸುವುದು.

ವಿಳಂಬ ಮಾಡಬಾರದ ಸಂದರ್ಭಗಳು

ಹಿಮ್ಮಡಿಯ ಹಿಂಭಾಗದಲ್ಲಿ ಹಠಾತ್ತನೆ "ಟಪ್" ಎಂಬ ಶಬ್ದ ಅಥವಾ ಪೆಟ್ಟಿನ ಅನುಭವವಾದಲ್ಲಿ, ರಜ್ಜುವಿನ ಮೇಲೆ ಬೆರಳಾಡಿಸಿದಾಗ ತಗ್ಗು ಸಿಕ್ಕಲ್ಲಿ, ಅಥವಾ ಆ ಕಾಲೊಂದರ ತುದಿಬೆರಳುಗಳ ಮೇಲೆ ನಿಲ್ಲಲು ಸಾಧ್ಯವಾಗದಿದ್ದಲ್ಲಿ, ಕಾಲಿನ ಮೇಲೆ ಭಾರ ಹಾಕದೆ ಅದೇ ದಿನ ಸಮೀಪದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮೂಳೆರೋಗ ತಜ್ಞರನ್ನು ಕಾಣತಕ್ಕದ್ದು. ಮೇಲ್ಕಂಡ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರವಾಗಿದ್ದು, ಚಿಕಿತ್ಸೆಯ ಬಗ್ಗೆ ವೈದ್ಯರ ಸಲಹೆಯೇ ಅಂತಿಮವಾಗಿರುತ್ತದೆ.